ಕ್ರೈ ಅಂದ್ರೆ ಕೂಗು

ಮೊದಲೇ ಹೇಳ್ಬಿಡ್ತೀನಿ, ನಾನು ಅತ್ತಿಲ್ಲ. ಇದನ್ನ ಓದೋರಲ್ಲಿ ನಮ್ಮ ಅಪಾರ್ಟ್‌ಮೆಂಟಿನವರು ಯಾರಾದ್ರೂ ಇದ್ರೆ ಈ ಒಂದು ಸಾಲು ಓದ್ಕೊಂಡು ಫೋನು ಕೆಳಗಿಟ್ರೂ ಸಾಕು. ಮಿಕ್ಕಿದ್ದು ಬೇರೆಯವರಿಗೆ.

ಫೋನಲ್ಲಿ ಬರೆಯೋದು ನಾನು ಈಚೆಗೆ ಕಲಿತಿದ್ದು. ಮೊಮ್ಮಗಳು ಕಲಿಸಿದ್ಲು. ಅವಳು ಪಿಯುಸಿ. ತಾಳ್ಮೆ ಅನ್ನೋದು ಅವಳ ಸಿಲಬಸ್ಸಲ್ಲಿ ಇಲ್ಲ. "ಅಜ್ಜಿ, ಒತ್ತಬೇಡ, ಬರೀ ಮುಟ್ಟು" ಅಂತಾಳೆ. ನಾನು ಜೀವಮಾನವೆಲ್ಲ ಚಕ್ಕುಲಿ ಒತ್ತಿ, ಶಾವಿಗೆ ಒತ್ತಿ, ಅತ್ತೆ ಕಾಲು ಒತ್ತಿ ಬಂದೋಳು. "ಮುಟ್ಟೆಲ್ಲ ನಿಂತು ಎಷ್ಟೋ ವರ್ಷ ಆಯ್ತಲ್ಲೇ" ಅಂದೆ. ಅವಳಿಗೆ ಅರ್ಥ ಆಗೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಆಮೇಲೆ ದಿಂಬಲ್ಲಿ ಮುಖ ಮುಚ್ಕೊಂಡ್ಲು. ಹೀಗೇ ಕಲಿತೆ. ಈ ಫೋನಿಗೂ ಸ್ವಂತ ಬುದ್ಧಿ ಜಾಸ್ತಿ. ಒಂದಿನ, ಇವತ್ತು ಬದನೇಕಾಯಿ ಹುಳಿ ಮಾಡಿದೀನಿ ಅಂತ ಮಗಳಿಗೆ ಹಾಕಿದ್ರೆ, ಬದನೇಕಾಯಿ ಹುಲಿ ಅಂತ ಹೋಯ್ತು. ಅವಳು ಬ್ಯಾಂಕಿಂದ, "ಕಚ್ಚದೇ ಇದ್ರೆ ನಂಗೂ ಸ್ವಲ್ಪ ಎತ್ತಿಡಮ್ಮ" ಅಂತ ಬರೆದ್ಲು. ಹುಲಿ ಆದ್ರೆ ನಗಬಹುದು. ಆಮೇಲೆ ಆಗಿದ್ದಕ್ಕೆ ನನಗೆ ಇವತ್ತಿಗೂ ನಗು ಬರಲ್ಲ.

ನಾವಿರೋದು ಇಟ್ಟಮಡು ಹತ್ರ, ಮೂರನೇ ಮಹಡಿ. ನಾನು, ನಮ್ಮ ಯಜಮಾನ್ರು, ಮಗಳು, ಮೊಮ್ಮಗಳು. ಅಳಿಯಂಗೆ ಮಂಗಳೂರಲ್ಲಿ ಕೆಲಸ, ಅವರು ಆಗಾಗ ಬಂದು ಹೋಗೋ ನೆಂಟ. ನಮ್ಮ ಯಜಮಾನ್ರು ಹೈಸ್ಕೂಲಲ್ಲಿ ಡ್ರಿಲ್ ಮೇಷ್ಟ್ರಾಗಿದ್ದೋರು. ರಿಟೈರ್ ಆದ್ಮೇಲೂ ಬೆಳಿಗ್ಗೆ ಎದ್ದು ವಿಭೂತಿ ಇಟ್ಕೊಂಡು ಗಿರಿನಗರದವರೆಗೆ ನಡ್ಕೊಂಡು ಹೋಗಿ ಬರೋರು. ದಾರೀಲಿ ಯಾರಾದ್ರೂ ಹುಡುಗರು ಗೂನು ಹಾಕ್ಕೊಂಡು ಫೋನು ನೋಡ್ತಾ ನಿಂತಿದ್ರೆ ಬೆನ್ನಿಗೊಂದು ತಟ್ಟಿ ನೆಟ್ಟಗೆ ನಿಲ್ಲಿಸಿ ಬರೋರು. ಅಂಥೋರಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಲಕ್ವ ಹೊಡೀತು. ಎಡಗೈ, ಎಡಗಾಲು ಬಿದ್ದೋಯ್ತು. ನಾಲಿಗೆ ತೊದಲೋಕೆ ಶುರುವಾಯ್ತು.

ಡಾಕ್ಟ್ರು ನನ್ನನ್ನ ಕೂರಿಸಿ ಸ್ಪಷ್ಟವಾಗಿ ಹೇಳಿದ್ರು. "ನೋಡೀಮ್ಮಾ, ಮೊದಲ ಕೆಲವು ತಿಂಗಳೇ ಮುಖ್ಯ. ಈಗ ಎಷ್ಟು ಎಕ್ಸರ್‌ಸೈಜ್ ಮಾಡಿಸ್ತೀರೋ ಅಷ್ಟು ಕಾಲು ವಾಪಸ್ ಬರುತ್ತೆ. ತಡ ಮಾಡಿದ್ರೆ ಇದ್ದಿದ್ದು ಇದ್ದಂಗೇ ನಿಂತೋಗುತ್ತೆ." ಜಯನಗರದಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್ ಹೇಳಿದ್ರು. ಅಲ್ಲಿ ಎರಡೂ ಕಡೆ ಹಿಡ್ಕೊಂಡು ನಡೆಯೋಕೆ ಕಂಬಿ ಇದೆ, ಬೀಳದ ಹಾಗೆ ಮೇಲಿಂದ ಬೆಲ್ಟ್ ಕಟ್ತಾರೆ. ಆಟೋದಲ್ಲಿ ಕರ್ಕೊಂಡು ಹೋಗ್ತಿದ್ವಿ. ಕಂಬಿ ಹಿಡ್ಕೊಂಡು ನಿಂತ್ರು. ಎಡಗಾಲು ಒಂದು ಗೇಣು ಮುಂದೆ ಇಟ್ರು. ಅವತ್ತು ಮನೇಲಿ ಪಾಯಸ ಮಾಡ್ದೆ.

ಅದಾದ್ಮೇಲೆ ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟೋಯ್ತು.

ಒಳಗಿನ ಬೋರ್ಡ್ ಸುಟ್ಟೋಗಿದೆ, ಹೊಸದೇ ಹಾಕ್ಬೇಕು ಅಂತ ರಿಪೇರಿಯವನು ಹೇಳಿ ಹೋದ. ಹಾಕಿಸೋಕೆ ಅಸೋಸಿಯೇಷನ್ ಮೀಟಿಂಗಲ್ಲಿ ಒಪ್ಪಿಗೆ ಆಗ್ಬೇಕು. ಮೀಟಿಂಗ್ ಆಗೋಕೆ ಅರ್ಧಕ್ಕಿಂತ ಜಾಸ್ತಿ ಮನೆಯವರು ಬರ್ಬೇಕು, ಅದಕ್ಕೆ ಕೋರಂ ಅಂತಾರೆ. ಭಾನುವಾರ ಕರೀತಾರೆ, ಕೆಳಗೆ ಪಾರ್ಕಿಂಗಲ್ಲಿ ಕುರ್ಚಿ ಹಾಕ್ತಾರೆ, ಸೆಕ್ರೆಟರಿ ಬರ್ತಾರೆ, ನಾನು ಇಳಿದು ಹೋಗ್ತೀನಿ, ಎರಡನೇ ಮಹಡಿಯ ಒಬ್ಬರು ಬರ್ತಾರೆ. ಕೋರಂ ಆಗಲಿಲ್ಲ ಅಂತ ಕುರ್ಚಿ ಮಡಚ್ತಾರೆ. ಮುಂದಿನ ಭಾನುವಾರ ಮತ್ತೆ ಅದೇ. ನೆಲಮಹಡಿಯವರು, ಮೊದಲ ಮಹಡಿಯವರು ಬೇಕಂತಲೇ ಬರಲ್ಲ. ಬಂದ್ರೆ ಒಪ್ಪಬೇಕಾಗುತ್ತಲ್ಲ.

ನೆಲಮಹಡಿಯವರು ಇಲ್ಲಿನ ಮೂಲದವರು. ಈ ಬಿಲ್ಡಿಂಗ್ ಎದ್ದಿರೋದೇ ಅವರ ಹೊಲದ ಮೇಲೆ. ಗೇಟ್ ಹತ್ರ ಸಿಕ್ಕಾಗ ಕೇಳ್ದೆ. "ಏನಪ್ಪಾ, ಲಿಫ್ಟ್ ವಿಷ್ಯ ಏನ್ಮಾಡಿದ್ರಿ?"

"ಅಮ್ಮಾ, ನಮ್ಮಪ್ಪ ಇದೇ ಜಾಗದಲ್ಲಿ ರಾಗಿ ಬೆಳೀತಿದ್ರು. ಲಿಫ್ಟ್ ಇಟ್ಕೊಂಡು ಬೆಳೀತಿದ್ರಾ?"

"ನಿಮ್ಮಪ್ಪ ಮೂರನೇ ಮಹಡೀಲಿ ಬೆಳೀತಿರ್ಲಿಲ್ವಲ್ಲಪ್ಪ."

ನಕ್ಕು ಒಳಗೆ ಹೋದ್ರು. ನಗೋರ ಹತ್ರ ಜಗಳ ಆಡೋದು ಕಷ್ಟ.

ಮೊದಮೊದಲು ಸೆಕ್ಯೂರಿಟಿಯವನು, ಇಸ್ತ್ರಿ ಅಂಗಡಿಯವನು ಇಬ್ಬರೂ ಸೇರಿ ಇವರನ್ನ ಪ್ಲಾಸ್ಟಿಕ್ ಕುರ್ಚೀಲಿ ಕೂರಿಸ್ಕೊಂಡು ಇಳಿಸಿದ್ರು. ಇನ್ನೊಂದು ಸಲ ಇಳಿಸುವಾಗ ತಿರುವಲ್ಲಿ ಕುರ್ಚಿ ಕಾಲು ಬಾಗಿ ವಾಲ್ಕೊಳ್ತು. ಇವರು ಬಲಗೈಲಿ ಕಂಬಿ ಹಿಡ್ಕೊಂಡೋರು ಬಿಡ್ಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸ್ಬೇಕಾಯ್ತು. ಆಮೇಲೆ ಕುರ್ಚಿ ಅಂದ್ರೆ ತಲೆ ಆಡಿಸಿ ಬೇಡ ಅಂತಾರೆ. ಮನೆಗೇ ಒಬ್ಬ ಥೆರಪಿ ಹುಡುಗಿ ಬರೋ ಹಾಗೆ ಮಾಡ್ಕೊಂಡ್ವಿ. ಅವಳು ಕಾಲು ಮಡಚ್ತಾಳೆ, ನೀಡ್ತಾಳೆ. ಹೋಗೋವಾಗ ದಿನಾ ಒಂದೇ ಮಾತು. "ಮನೇಲಿ ಇಷ್ಟೇ ಆಗೋದು ಅಜ್ಜಿ. ನಿಲ್ಲಿಸಿ ನಡೆಸೋಕೆ ಅಲ್ಲಿಗೇ ಬರ್ಬೇಕು." ಡಾಕ್ಟ್ರು ಹೇಳಿದ ಆ ಕೆಲವು ತಿಂಗಳು ನಮ್ಮ ಕಿಟಕಿ ಪಕ್ಕದ ಕುರ್ಚೀಲಿ ಕೂತ್ಕೊಂಡೇ ಕರಗಿ ಹೋಗ್ತಿತ್ತು.

ಒಂದು ಮಧ್ಯಾಹ್ನ ತಡೆಯೋಕಾಗ್ಲಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿಗೆ ನಾನೇ ಬರೀತೀನಿ ಅಂತ ಕೂತೆ. ಆ ಗ್ರೂಪಿಗೊಂದು ಕಾನೂನು, ಎಲ್ಲರಿಗೂ ಅರ್ಥ ಆಗ್ಲಿ ಅಂತ ಇಂಗ್ಲಿಷಲ್ಲೇ ಬರೀಬೇಕು. ಎಲ್ಲರಿಗೂ ಅನ್ನೋದರಲ್ಲಿ ನಾನಿಲ್ಲ ಅನ್ನೋದು ಬೇರೆ ಮಾತು. ಮೊಮ್ಮಗಳು ಕಾಲೇಜಿಗೆ ಹೋಗಿದ್ಲು. ನನಗೂ ಸ್ವಲ್ಪ ಇಂಗ್ಲಿಷ್ ಬರುತ್ತೆ. ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಹಾಕ್ದೆ. ಐ ಆಮ್ ಕ್ರೈಯಿಂಗ್ ಫಾರ್ ಲಿಫ್ಟ್ ಎವ್ರಿ ಡೇ. ನೋಬಡಿ ಈಸ್ ಹಿಯರಿಂಗ್. ಅಂದ್ರೆ, ಲಿಫ್ಟಿಗೋಸ್ಕರ ದಿನಾ ಕೂಗ್ತಾ ಇದೀನಿ, ಯಾರಿಗೂ ಕೇಳಿಸ್ತಿಲ್ಲ. ಓದ್ಕೊಂಡೆ. ಖಾರವಾಗಿದೆ ಅನ್ನಿಸ್ತು. ಕಳಿಸ್ದೆ.

ಒಗ್ಗರಣೆ ಹಾಕಿ ಬರೋಷ್ಟರಲ್ಲಿ ಫೋನು ಟಿಂಗ್ ಟಿಂಗ್ ಅಂತಿದೆ. ಮೀಟಿಂಗಿಗೆ ಒಬ್ಬರೂ ಬರದ ಮನೆಗಳಿಂದೆಲ್ಲ ಉತ್ತರ ಬಂದಿದೆ. ಕೈ ಮುಗಿದಿರೋ ಚಿತ್ರ, ಕೆಂಪು ಹೃದಯ, ಕಣ್ಣೀರು ಸುರಿಸ್ತಿರೋ ಹಳದಿ ಮುಖ. ಸ್ಟೇ ಸ್ಟ್ರಾಂಗ್ ಆಂಟಿ. ಡೋಂಟ್ ಕ್ರೈ ಆಂಟಿ, ವಿ ಆರ್ ಆಲ್ ದೇರ್ ಫಾರ್ ಯೂ. ಇನ್ನೊಬ್ಬಳು, ಅತ್ತುಬಿಡಿ ಆಂಟಿ, ಅಳೋದು ಆರೋಗ್ಯಕ್ಕೆ ಒಳ್ಳೇದು ಅಂತ. ಮೊದಲ ಮಹಡಿಯೋರು ಒಂದು ಧ್ಯಾನದ ವಿಡಿಯೋ ಕಳಿಸಿದಾರೆ, ಸಮುದ್ರ, ಸೂರ್ಯ, ಕೊಳಲು. ಮತ್ತೊಬ್ಬರು ಜೆಪಿ ನಗರದಲ್ಲಿ ಒಬ್ಬರು ಕೌನ್ಸೆಲರ್ ಇದಾರೆ, ವಯಸ್ಸಾದವರನ್ನ ಚೆನ್ನಾಗಿ ನೋಡ್ತಾರೆ ಅಂತ ನಂಬರ್ ಹಾಕಿದಾರೆ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಹುಡುಕ್ದೆ. ಲಿಫ್ಟ್ ಅನ್ನೋ ಪದ ಒಬ್ಬರೂ ಬರೆದಿಲ್ಲ.

ಅಷ್ಟರಲ್ಲಿ ಮಗಳ ಫೋನು. ಗುಸುಗುಸು ಅಂತ ಮಾತಾಡ್ತಾಳೆ, ಬ್ಯಾಂಕಿನ ಯಾವುದೋ ಮೂಲೇಲಿ ನಿಂತಿರ್ಬೇಕು.

"ಅಮ್ಮಾ, ಯಾಕೆ ಅಳ್ತಿದ್ಯ?"

"ಯಾರು ಅಳ್ತಿರೋದು?"

"ನೀನೇ. ಗ್ರೂಪಲ್ಲಿ ಹಾಕಿದ್ಯಲ್ಲ."

"ಲಿಫ್ಟ್ ಮಾಡಿಸ್ರೋ ಅಂತ ಕೂಗಿದೀನಿ ಕಣೇ."

"ಕೂಗಿದ್ರೆ ಶೌಟ್ ಅಂತ ಹಾಕ್ಬೇಕಮ್ಮ. ಕ್ರೈ ಅಂದ್ರೆ ಅಳೋದು."

"ನಿಮ್ಮ ಬ್ಯಾಂಕಲ್ಲಿ ಇರ್ಬಹುದು. ನಮ್ಮ ಮೇಷ್ಟ್ರು ಹಾಗೆ ಹೇಳ್ಕೊಟ್ಟಿಲ್ಲ."

ನಿಜವಾಗ್ಲೂ ಹೇಳ್ಕೊಟ್ಟಿಲ್ಲ. ನಾನು ಓದಿದ್ದು ಚಾಮರಾಜಪೇಟೆ ಕಡೆ ಒಂದು ಸರ್ಕಾರಿ ಮಿಡ್ಲ್ ಸ್ಕೂಲು. ನಮ್ಮ ಇಂಗ್ಲಿಷ್ ಮೇಷ್ಟ್ರು ನಸ್ಯ ಏರಿಸೋರು, ಅವರ ಕೋಟಿನ ಮುಂದೆಲ್ಲ ಕಂದು ಪುಡಿ. ಒಂದು ಪಾಠ ಇತ್ತು, ವ್ಯಾಪಾರಿಯೊಬ್ಬ ಕತ್ತಲಲ್ಲಿ ಬರ್ತಾ ಹಾಳುಬಾವಿಗೆ ಬೀಳೋದು. ಬಿದ್ದೋನು ಕ್ರೈಡ್ ಅಂತ ಇತ್ತು. ನನ್ನ ಪಕ್ಕದೋಳು ಎದ್ದು ನಿಂತು, "ವ್ಯಾಪಾರಿಯು ಅತ್ತನು" ಅಂದ್ಲು. ಮೇಷ್ಟ್ರು ನಸ್ಯದ ಡಬ್ಬಿ ಮುಚ್ಚಿ ಕೇಳಿದ್ರು. "ಬಾವಿಗೆ ಬಿದ್ದೋನು ಅಳ್ತಾ ಕೂತ್ರೆ ಯಾರು ಬರ್ತಾರಮ್ಮ? ಕೂಗ್ತಾನೆ. ಕ್ರೈ ಅಂದ್ರೆ ಕೂಗು. ಅಳೋದಕ್ಕೆ ವೀಪ್ ಅಂತ ಬೇರೆ ಇದೆ. ಬರ್ಕೊಳ್ಳಿ." ಬರ್ಕೊಂಡ್ವಿ. ನಾನು ಆ ಪಾಠದ ಹುಡುಗಿ. ನನಗೆ ಕ್ರೈ ಅಂದ್ರೆ ಬಾವಿಯೊಳಗಿಂದ ಬರೋ ಶಬ್ದ.

ಸಾಯಂಕಾಲ ಮೊಮ್ಮಗಳು ಬಂದು ಎಲ್ಲಾ ಓದಿ ಹೊಟ್ಟೆ ಹಿಡ್ಕೊಂಡು ನಕ್ಲು. ನನ್ನ ಮುಖ ನೋಡಿ ನಗು ನಿಲ್ಲಿಸಿ ಫೋನಲ್ಲೇ ಡಿಕ್ಷನರಿ ತೆಗೆದ್ಲು. "ಅಜ್ಜಿ, ನೀನೂ ಕರೆಕ್ಟೇ. ಎರಡೂ ಅರ್ಥ ಇದೆ. ಆದ್ರೆ ಈಗ ಯಾರೂ ಹಂಗೆ ಯೂಸ್ ಮಾಡಲ್ಲ."

"ಕರೆಕ್ಟ್ ಆದ್ಮೇಲೆ ಮುಗೀತಲ್ಲ. ಗ್ರೂಪಲ್ಲಿ ಹಾಕು, ಅಜ್ಜಿ ಕರೆಕ್ಟ್ ಅಂತ."

"ಹಾಕಲ್ಲ, ಮಾನ ಹೋಗುತ್ತೆ. ಇನ್ನೂ ಇದೆ ಕೇಳು. ಹಕ್ಕಿ ಕೂಗೋದಕ್ಕೂ ಕ್ರೈ. ಬೀದೀಲಿ ಸೊಪ್ಪು ಮಾರೋರು ಕೂಗೋದಕ್ಕೂ ಕ್ರೈ. ಯುದ್ಧಕ್ಕೆ ಹೋಗೋರು ಕೂಗೋದು ಬ್ಯಾಟಲ್ ಕ್ರೈ. ಕ್ರೈಯಿಂಗ್ ನೀಡ್ ಅಂದ್ರೆ ಅರ್ಜೆಂಟಾಗಿ ಬೇಕಾಗಿರೋದು."

"ಅದು ಲಿಫ್ಟ್. ಮುಂದೆ?"

"ಕ್ರೈ ಆಫ್ ಅಂದ್ರೆ, ಬರ್ತೀನಿ ಅಂತ ಒಪ್ಕೊಂಡು ಕೊನೇಲಿ ಕೈಕೊಡೋದು."

"ಅದು ನಮ್ಮ ಅಸೋಸಿಯೇಷನ್ನು."

"ಚೆಲ್ಲಿರೋ ಹಾಲಿಗೆ ಅಳಬಾರದು ಅಂತ ಒಂದು ಗಾದೆ ಇದೆ."

"ಚೆಲ್ಲಿರೋ ಹಾಲಿಗೆ ಯಾವೋಳೇ ಅಳ್ತಾಳೆ? ಒರೆಸ್ತಾಳೆ. ಒರೆಸೋದು ಯಾರು ಅಂತ ಇಂಗ್ಲಿಷಲ್ಲಿ ಬರೆದಿಲ್ವಾ ಅದರಲ್ಲಿ?"

ಅವಳು ಹುಡುಕಿದ್ಲು. ಬರೆದಿರ್ಲಿಲ್ಲ.

ನನಗೆ ಸಿಟ್ಟು ಏರ್ತಾ ಹೋಯ್ತು. ಅಷ್ಟು ದೊಡ್ಡ ಭಾಷೆ, ಅಳೋದಕ್ಕೂ ಕೂಗೋದಕ್ಕೂ ಒಂದೇ ಪಾತ್ರೆ ಇಟ್ಕೊಂಡಿದಾರೆ. ನಮ್ಮಲ್ಲಿ ಅಳೋದಕ್ಕೇ ಎಷ್ಟೊಂದಿದೆ. ಮಗು ರಚ್ಚೆ ಹಿಡಿಯುತ್ತೆ. ಮದುವೆ ಹುಡುಗಿ ಬಿಕ್ಕುತ್ತಾಳೆ. ಸಾವಿನ ಮನೇಲಿ ಗೋಳಾಡ್ತಾರೆ. ಅತ್ತೆ ಮೇಲೆ ಸಿಟ್ಟಿರೋಳು ಈರುಳ್ಳಿ ಹೆಚ್ಚೋ ನೆಪದಲ್ಲಿ ಮುಸುಮುಸು ಅಂತಾಳೆ. ಮೈಗಳ್ಳ ಇದ್ದಾನಲ್ಲ, ಅವನು ಕಣ್ಣಲ್ಲಿ ಒಂದು ತೊಟ್ಟು ನೀರಿಲ್ಲದೇ ಅಳ್ತಾ ಅಳ್ತಾ ಕೆಲಸ ಮಾಡ್ತಾನೆ. ಕೂಗೋದು ಇದ್ಯಾವುದೂ ಅಲ್ಲ. ಕೋಳಿ ಕೂಗುತ್ತೆ, ರೈಲು ಕೂಗುತ್ತೆ, ಕುಕ್ಕರ್ ಕೂಗುತ್ತೆ. ಕುಕ್ಕರ್ ಕೂಗಿದ್ರೆ ಯಾವ ಕೆಲಸದಲ್ಲಿದ್ರೂ ಎದ್ದು ಹೋಗಿ ಗ್ಯಾಸ್ ಆರಿಸ್ತಾರೆ. ಯಾರಾದ್ರೂ ಕುಕ್ಕರ್ ಮುಂದೆ ನಿಂತು ಸ್ಟೇ ಸ್ಟ್ರಾಂಗ್ ಅಂತಾರಾ?

ಇದರಲ್ಲಿ ಇನ್ನೊಂದು ವಿಷಯ ಇದೆ, ಹೇಳದೇ ಇದ್ರೆ ಮುಂದಿನದು ಗೊತ್ತಾಗಲ್ಲ. ನಮ್ಮನೇಲಿ ಅಳೋರು ಒಬ್ಬರು ಇದ್ರು. ಅದು ನಾನಲ್ಲ.

ಲಕ್ವ ಹೊಡೆದ ಮೇಲೆ ನಮ್ಮ ಯಜಮಾನ್ರಿಗೆ ಕಣ್ಣೀರು ಸುಮ್ಮಸುಮ್ಮನೆ ಬರುತ್ತೆ. ತಾಯಿ ತೀರಿಕೊಂಡಾಗ ಅಳದ ಮನುಷ್ಯ. ಮಗಳನ್ನ ಕಳಿಸಿಕೊಡೋವಾಗ ಎಲ್ಲರೂ ಅಳ್ತಿದ್ರೆ, ಬಾಳೆ ಎಲೆ ಸಾಲುತ್ತಾ ನೋಡ್ತೀನಿ ಅಂತ ಅಡಿಗೆಮನೆಗೆ ಹೋಗಿದ್ದ ಮನುಷ್ಯ. ಈಗ ದೋಸೆ ಹರಿದ್ರೆ ಅಳು, ಟಿವೀಲಿ ಟೂತ್‌ಪೇಸ್ಟ್ ಜಾಹೀರಾತು ಬಂದ್ರೆ ಅಳು, ಯಾರಾದ್ರೂ ಊಟ ಆಯ್ತಾ ಅಂದ್ರೂ ಅಳು. ನಾನು ಹೆದರಿ ಡಾಕ್ಟ್ರನ್ನ ಕೇಳ್ದೆ. ಅವರು, "ಅದು ದುಃಖ ಅಲ್ಲಮ್ಮ. ಅಳು ನಗು ಎರಡನ್ನೂ ಹಿಡಿದಿಡೋ ನರ ಸಡಿಲ ಆಗಿದೆ. ಒಳಗೆ ಏನೂ ಇಲ್ದೇನೂ ಬರುತ್ತೆ" ಅಂದ್ರು. ನಲ್ಲಿಯ ವಾಷರ್ ಹೋದ ಹಾಗೆ ಅಂತ ನಾನು ಅರ್ಥ ಮಾಡ್ಕೊಂಡೆ. ಆದ್ರೆ ಅವರಿಗೆ ಪ್ರಾಣ ಹೋದಂಗೆ ನಾಚಿಕೆ. ಒಂದಿನ ನನ್ನ ಸೆರಗು ಹಿಡ್ಕೊಂಡು ತೊದಲ್ತಾ ಹೇಳಿದ್ರು. "ಯಾರಾದ್ರೂ ನೋಡಿದ್ರೆ... ನೀನು ಹೇಳ್ಬಿಡು. ಅಳ್ತಿಲ್ಲ ಅಂತ." ಆಯ್ತು ಅಂದೆ. ಅವತ್ತಿಂದ ಹಾಲಿನವನಿಗೂ ಹೇಳ್ತೀನಿ, ಕೊರಿಯರ್‌ನವನಿಗೂ ಹೇಳ್ತೀನಿ. ಇದು ಅಳು ಅಲ್ಲಪ್ಪ, ನರ. ಅವರು ಪಾಪ ಸಹಿ ಹಾಕಿಸ್ಕೊಂಡು ಹೋಗ್ತಾರೆ.

ಅಳೋ ಗಂಡಸನ್ನ ನಂಬಬೇಡ, ನಗೋ ಹೆಂಗಸನ್ನ ನಂಬಬೇಡ ಅಂತ ನಮ್ಮಜ್ಜಿ ಹೇಳ್ತಿದ್ರು. ನಮ್ಮನೇಲಿ ಎರಡೂ ಒಂದೇ ಸೂರಿನ ಕೆಳಗೆ.

ಮಾರನೇ ದಿನ ಸೆಕ್ರೆಟರಿ ಎಳನೀರು ತಗೊಂಡು ಮೇಲೆ ಬಂದ್ರು. ಒಳ್ಳೇ ಮನುಷ್ಯರೇ, ಬೈಯೋಕೆ ಆಗದಷ್ಟು ಒಳ್ಳೆಯವರು. ಕೂತು, "ಆಂಟಿ, ನಿಮ್ಮ ಮೆಸೇಜ್ ನೋಡಿ ಮನಸ್ಸಿಗೆ ತುಂಬಾ ಬೇಜಾರಾಯ್ತು. ನಮ್ಮ ತಾಯೀನೂ ಕೊನೆಗಾಲದಲ್ಲಿ ಹೀಗೇ ಅಳ್ತಿದ್ರು" ಅಂದ್ರು.

"ಅಳ್ತಿದ್ರೋ, ಕೂಗ್ತಿದ್ರೋ? ಕೇಳಿದ್ರಾ?"

ಅವರು ಎಳನೀರಿನ ಸ್ಟ್ರಾ ತಿರುಗಿಸ್ತಾ ಕೂತ್ರು.

"ಹೋಗ್ಲಿ ಬಿಡಿ. ಲಿಫ್ಟ್ ಯಾವಾಗ?"

"ಕೋರಂ ಆಗ್ಬೇಕಲ್ಲ ಆಂಟಿ. ಯಾರೂ ಬರಲ್ಲ. ನಾನೇನು ಮಾಡ್ಲಿ?"

ಯಾರೂ ಬರಲ್ಲ ಅಂದ ತಕ್ಷಣ ನನ್ನ ತಲೆಗೆ ಹೊಳೀತು. "ಈ ಸಲ ಮೀಟಿಂಗ್ ನಮ್ಮನೇಲಿ ಇಟ್ಕೊಳ್ಳಿ. ಚೌಚೌಬಾತ್ ಮಾಡ್ತೀನಿ, ಜೊತೆಗೆ ಮಸಾಲೆ ವಡೆ, ಫಿಲ್ಟರ್ ಕಾಫಿ. ಗ್ರೂಪಲ್ಲಿ ಹಾಕಿ, ಆಂಟಿ ಮನಸ್ಸು ಹಗುರ ಮಾಡ್ಕೊಳ್ಳೋಕೆ ಎಲ್ಲರನ್ನೂ ನೋಡ್ಬೇಕು ಅಂತಿದಾರೆ ಅಂತ."

ಅಳೋ ಮುದುಕಿ ಕರೆದ್ರೆ ಬರದೇ ಇರೋಕಾಗುತ್ತಾ? ಭಾನುವಾರ ಒಂದು ಮನೇನೂ ತಪ್ಪದೇ ಬಂದ್ರು. ಬರೋದು ಹೇಗೆ, ಮೆಟ್ಟಿಲು ಹತ್ತಿ. ನಾನು ಬಾಗಿಲಲ್ಲೇ ನಿಂತು ಸ್ವಾಗತ ಮಾಡ್ದೆ. ಮೊದಲ ಮಹಡಿಯ ಯಜಮಾನಿ ಮಧ್ಯದ ತಿರುವಲ್ಲಿ ಕೂತೇಬಿಟ್ರು, ಅಲ್ಲಿಗೇ ನೀರು ಕಳಿಸಿ ಹತ್ತಿಸಿದ್ದಾಯ್ತು. ನೆಲಮಹಡಿಯವರು ಮಂಡಿ ಮೇಲೆ ಕೈಯಿಟ್ಕೊಂಡು ಬಗ್ಗಿ ನಿಂತ್ರು. "ಏನಮ್ಮಾ ಇದು, ಬೆಟ್ಟ ಹತ್ತಿದಂಗಾಯ್ತು."

"ಕೂತ್ಕೊಳ್ಳಿ, ಮೊದಲು ನೀರು ಕುಡೀರಿ. ಇನ್ನೂ ಇಳಿಯೋದಿದೆ."

ಮಗಳು ಅಡಿಗೆಮನೆ ಬಾಗಿಲಿಂದ ಕಣ್ಣು ಬಿಟ್ಲು. ನಾನು ನೋಡದವಳ ಹಾಗೆ ವಡೆ ಬಡಿಸ್ದೆ.

ತಿಂತಾ ತಿಂತಾ ಮಾತು ಶುರುವಾಯ್ತು. ಸೆಕ್ರೆಟರಿ ಬೋರ್ಡಿನ ವಿಷಯ ಓದಿದ್ರು. ಮೊದಲ ಮಹಡಿಯ ಒಬ್ಬರು ಕೇಸರಿಬಾತ್ ಇನ್ನೊಂದು ಸ್ವಲ್ಪ ಹಾಕಿಸ್ಕೊಂಡು, "ಅಲ್ಲಾ, ಪ್ರಿನ್ಸಿಪಲ್ ಏನು ಅಂದ್ರೆ, ಯೂಸ್ ಮಾಡದೇ ಇರೋರು ಯಾಕೆ ಕೊಡ್ಬೇಕು?" ಅಂದ್ರು. ಹೌದು ಹೌದು ಅಂತ ಒಂದೆರಡು ತಲೆ ಆಡಿತು. ಕೈಲಿ ನನ್ನ ಮನೆ ತಟ್ಟೆ, ಬಾಯಲ್ಲಿ ನನ್ನ ಮನೆ ತುಪ್ಪ. ಜಗಳಕ್ಕೆ ನಾಲಿಗೆ ತುದೀಲಿ ಮಾತು ಜೋಡಿಸ್ಕೊಳ್ತಿದ್ದೆ.

ಆಗ ನೆಲಮಹಡಿಯವರು ಕಿಟಕಿ ಪಕ್ಕ ಕೂತಿದ್ದ ಇವರ ಕಡೆ ತಿರುಗಿ, ಉಪಚಾರಕ್ಕೆ ಅಂತ, "ಏನ್ ಮೇಷ್ಟ್ರೇ, ಚೆನ್ನಾಗಿದೀರಾ?" ಅಂದ್ರು.

ಅಷ್ಟೇ. ಇವರಿಗೆ ಶುರುವಾಯ್ತು. ಬಲಗೈಲಿ ಚಮಚ ಹಾಗೇ ನಿಂತಿದೆ, ಬಾಯಿ ಒಂದು ಕಡೆ ಸೊಟ್ಟ ಆಗಿದೆ, ಕಣ್ಣು ಮೂಗು ಎಲ್ಲಾ ಸುರೀತಿದೆ, ಗಂಟಲಿಂದ ಒಂದು ಥರಾ ಶಬ್ದ. ಚೆನ್ನಾಗಿದೀರಾ ಅಂತ ಕೇಳಿದ್ದಕ್ಕೆ ಬಂದಿದ್ದು ಅದು. ಮೀಟಿಂಗಿಗೂ ಅದಕ್ಕೂ ಸಂಬಂಧವೇ ಇಲ್ಲ. ಆದ್ರೆ ಎಲ್ಲರ ಕೈಯೂ ತಟ್ಟೇಲೇ ನಿಂತೋಯ್ತು. ಸೆಕ್ರೆಟರಿ ಕನ್ನಡಕ ತೆಗೆದು ಒರೆಸ್ಕೊಂಡ್ರು. ಮೊದಲ ಮಹಡಿಯ ಯಜಮಾನಿ ಗಂಡನ ತೋಳು ತಿವಿದು, "ಪಾಪ, ಅಂಕಲ್ ಅಳ್ತಿದಾರೆ. ಒಪ್ಕೊಳ್ಳಿ ಅತ್ಲಾಗೆ" ಅಂದ್ರು. ನೆಲಮಹಡಿಯವರು ತಟ್ಟೆ ಕೆಳಗಿಟ್ರು. "ಆಯ್ತು, ಆಯ್ತು. ನಾನೂ ಒಪ್ಪಿದೆ. ಗಂಡಸು ಅಳೋದು ನನ್ನ ಕೈಲಿ ನೋಡೋಕಾಗಲ್ಲ."

ನಾನು ಇವರ ಕಡೆ ನೋಡ್ದೆ. ಇವರು ನನ್ನನ್ನೇ ನೋಡ್ತಿದಾರೆ. ಹೇಳು ಅಂತಿದಾರೆ. ಮಾತಿಲ್ಲ, ಆದ್ರೆ ಇಷ್ಟು ವರ್ಷ ಸಂಸಾರ ಮಾಡಿದೋಳಿಗೆ ಗೊತ್ತಾಗಲ್ವಾ. ಅಡಿಗೆಮನೆ ಬಾಗಿಲಲ್ಲಿ ಮಗಳು ಬೇಡ ಅಂತ ತಲೆ ಆಡಿಸ್ತಿದಾಳೆ. ಅವಳು ಹೇಳೋದೂ ಸರಿ. ಬಾಯಿ ಮುಚ್ಕೊಂಡು ಒಂದು ಗಳಿಗೆ ನಿಂತ್ರೆ ಲಿಫ್ಟ್ ಬರುತ್ತೆ, ಲಿಫ್ಟ್ ಬಂದ್ರೆ ಕಾಲು ಬರುತ್ತೆ. ಬಾಯಿ ಬಿಟ್ರೆ ಎರಡೂ ಹೋದ್ರೂ ಹೋಯ್ತು. ಆದ್ರೆ ಆ ಕಣ್ಣು ನನ್ನನ್ನ ಬಿಡ್ತಿಲ್ಲ. ಎಂಥಾ ಮನುಷ್ಯ ಅದು, ಯಾರ ಮುಂದೆ ಹೇಗೆ ಕೂತಿದೆ.

ಕೈಲಿ ಸೌಟು ಹಿಡ್ಕೊಂಡೇ ನಿಂತು ಹೇಳ್ದೆ. ಹೇಳ್ದೆ ಏನು, ಕೂಗಿದೆ.

"ಇವರು ಅಳ್ತಿಲ್ಲ. ಇದು ನರದ ಕಾಯಿಲೆ. ನೀವು ಊಟ ಆಯ್ತಾ ಅಂದಿದ್ರೂ ಹಿಂಗೇ ಬರ್ತಿತ್ತು. ಲಿಫ್ಟಿಗೋಸ್ಕರ ಅಳೋ ಜೀವ ಅಲ್ಲ ಇದು. ಇವರಿಗೆ ನಿಮ್ಮ ಕನಿಕರ ಬೇಡ, ಕಾಲು ಬೇಕು. ಕಾಲು ಸಿಗೋದು ಜಯನಗರದಲ್ಲಿ. ಅಲ್ಲಿಗೆ ಹೋಗೋಕೆ ಕೆಳಗೆ ಇಳೀಬೇಕು. ಇಷ್ಟನ್ನೇ ನಾನು ಅವತ್ತಿಂದ ಕೂಗ್ತಿರೋದು, ನೀವು ನನಗೆ ಸಮುದ್ರ ಕಳಿಸ್ತೀರ, ಸೂರ್ಯನ್ನ ಕಳಿಸ್ತೀರ. ಈಗ ಹೇಳಿ. ಅಳ್ತಿಲ್ಲ ಅಂತ ಗೊತ್ತಾದ್ಮೇಲೂ ಒಪ್ಪೋರು ಯಾರು, ಕೈ ಎತ್ತಿ."

ಮೊದಲ ಮಹಡಿಯ ಯಜಮಾನಿ ಎದ್ದು ಬಂದು ನನ್ನ ಹೆಗಲು ತಬ್ಕೊಂಡ್ರು. "ಅಳ್ಬೇಡಿ ಆಂಟಿ. ಪ್ಲೀಸ್, ನೀವೂ ಅಳ್ಬೇಡಿ."

ನನ್ನ ಕಣ್ಣು ಕಾದ ಹೆಂಚಿನ ಹಾಗೆ ಒಣಗಿತ್ತು. ಸೌಟು ಕೈಲೇ ಇತ್ತು. ಅದನ್ನ ಎಲ್ಲಿಗೂ ಬೀಸದೇ ಕೆಳಗಿಟ್ಟಿದ್ದು ನನ್ನ ದೊಡ್ಡತನ.

ಎಲ್ಲರೂ ಕೈ ಎತ್ತಿದ್ರು. ಯೂಸ್ ಮಾಡದೇ ಇರೋರೂ ಎತ್ತಿದ್ರು. ಸಂಜೆಗೆ ಗ್ರೂಪಲ್ಲಿ ಬಂತು. ಅಂಕಲ್ ಅಂಡ್ ಆಂಟಿ ಕಣ್ಣೀರು ಎಲ್ಲರ ಮನ ಕರಗಿಸಿತು, ಲಿಫ್ಟ್ ಕೆಲಸ ಕೂಡಲೇ ಶುರು, ನಮ್ಮದು ಒಂದೇ ಕುಟುಂಬ ಅಂತ ಇಂಗ್ಲಿಷಲ್ಲಿ. ಕೆಳಗೆ ಸಾಲಾಗಿ ಹೃದಯಗಳು.

"ಲಿಫ್ಟ್ ಆಯ್ತಲ್ಲಮ್ಮ, ಬಿಡು" ಅಂದ್ಲು ಮಗಳು.

"ಆಯ್ತು. ಭಿಕ್ಷೆ ಹಾಕಿದಂಗೆ ಆಯ್ತು. ಕೇಳಿದಾಗ ಕೊಟ್ಟಿದ್ರೆ ಅದು ನಮ್ಮದು ಆಗ್ತಿತ್ತು."

"ನೀನು ಬಾಯಿ ಬಿಟ್ಯಲ್ಲ, ನನ್ನ ಎದೆ ಧಸಕ್ ಅಂತು."

"ನನ್ನದೂ ಅಂತು ಕಣೇ."

ಇವರು ಅವತ್ತು ಎಷ್ಟೋ ಹೊತ್ತು ಕಿಟಕಿ ಕಡೆಗೇ ಮುಖ ಮಾಡಿ ಕೂತಿದ್ರು. ತಟ್ಟೆ ತೆಗೀತೀನಿ ಅಂತ ಹೋದ್ರೆ ಬಲಗೈಲಿ ತಡೆದ್ರು. "ಹೇಳಿದ್ಯಲ್ಲ. ಸಾಕು" ಅಂದ್ರು. ತಣ್ಣಗಾದ ಕೇಸರಿಬಾತ್ ಪೂರ್ತಿ ತಿಂದ್ರು.

ಲಿಫ್ಟ್ ಸರಿಯಾಯ್ತು. ಜಯನಗರಕ್ಕೆ ಹೋದ್ವಿ. ಅಲ್ಲಿ ಥೆರಪಿ ಮಾಡೋ ಮೇಡಂ ಇವರ ಕಾಲು ಮಡಚಿ ನೋಡಿ, ಪಾದ ಮೇಲಕ್ಕೆ ಎತ್ತಿಸಿ ನೋಡಿ, ನನ್ನ ಕಡೆ ತಿರುಗಿದ್ರು. "ಯಾಕಮ್ಮಾ ಇಷ್ಟೊಂದು ಗ್ಯಾಪ್ ಬಿಟ್ರಿ? ತುಂಬಾ ಬಿಗಿದುಕೊಂಡಿದೆ. ನಡೀತಾರೆ, ನಡೆಸೋಣ. ಆದ್ರೆ ಈ ಪಾದ ಇನ್ನು ಪೂರ್ತಿ ಮೇಲೇಳೋದು ಡೌಟು. ಎಳ್ಕೊಂಡೇ ನಡೀಬೇಕಾಗುತ್ತೆ." ಯಾಕೆ ಬಿಟ್ರಿ ಅಂತ ನನ್ನನ್ನ ಕೇಳ್ತಾರೆ. ನಾನೇ ಬಿಟ್ಟಂಗೆ. ಉತ್ತರ ಕೊಡೋಕೆ ಶುರು ಮಾಡಿದ್ರೆ ಕ್ಲಿನಿಕ್ ಮುಚ್ಚೋವರೆಗೂ ಸಾಲಲ್ಲ.

ಈಗ ವಾರವಾರ ಹೋಗ್ತೀವಿ. ಇವರು ಕಂಬಿ ಹಿಡ್ಕೊಂಡು ಆ ತುದಿಯಿಂದ ಈ ತುದಿಗೆ ನಡೀತಾರೆ. ಬೆನ್ನು ನೆಟ್ಟಗೇ ಇದೆ, ಡ್ರಿಲ್ ಮೇಷ್ಟ್ರ ಬೆನ್ನು. ಬಲಗಾಲು ಸದ್ದಿಲ್ಲದೇ ಬೀಳುತ್ತೆ. ಎಡಗಾಲಿನ ಹೆಬ್ಬೆರಳು ನೆಲಕ್ಕೆ ಉಜ್ಕೊಂಡು ಬರುತ್ತೆ, ಸರ್‍ರ್ ಅಂತ, ಒದ್ದೆ ಗೋಣಿಚೀಲ ಎಳೆದ ಹಾಗೆ. ನಾನು ಬೆಂಚಲ್ಲಿ ಕೂತು ಕೇಳಿಸ್ಕೊಳ್ತೀನಿ. ಇವತ್ತು ಕೂತು ಕೂತು ಮೈಯೆಲ್ಲ ಉರಿದುಹೋಯ್ತು. ಫೋನು ತೆಗೆದೆ, ಆ ಮೈಕಿನ ಗುರುತು ಇದ್ಯಲ್ಲ, ಅದನ್ನ ಒತ್ತಿ ಹಿಡ್ಕೊಂಡು ನೆಲದ ಹತ್ರ ಬಗ್ಗಿದೆ. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಅವರು ನಡೆದ ಸದ್ದು ಪೂರ್ತಿ ಹಿಡಿದು ಗ್ರೂಪಿಗೆ ಬಿಟ್ಟೆ. ಒಂದು ಅಕ್ಷರ ಬರೀಲಿಲ್ಲ.

ಸ್ವಲ್ಪ ಹೊತ್ತಿಗೆ ಮೊದಲ ಮಹಡಿಯೋರು ಬರೆದ್ರು. "ಆಂಟಿ, ವಾಟ್ ಈಸ್ ದಿಸ್ ಸೌಂಡ್?"

ಕನ್ನಡದಲ್ಲೇ ಹಾಕ್ದೆ. ಓದೋಕೆ ಬರದೇ ಇದ್ರೆ ಪಕ್ಕದವರ ಹತ್ರ ಓದಿಸ್ಕೊಳ್ಳಲಿ.

ಕೋರಂ ಆಗದೇ ಇದ್ದ ಭಾನುವಾರಗಳದ್ದು.